ಒದ್ದಾದ ಮೇಲೆ ಆಕೆ ಎಲ್ಲಿಗೆ ಹೋದಳು?

ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ಹೆಂಗಸು ಸಣ್ಣ ಊರೊಂದರಲ್ಲಿ ಬಾಡಿಗೆಗೆ ಇರುವುದೆಂದರೆ ಆ ಓಣಿಗೆ ಹೊಸದಾಗಿ ಒಂದು ನಲ್ಲಿ ಹಾಕಿಸಿದ ಹಾಗೆ. ಯಾರು ಬೇಕಾದರೂ ಕೊಡ ಹಿಡಿದು ಬರಬಹುದು. ನಲ್ಲಿಗೆ ಇಷ್ಟವಿದೆಯೇ ಎಂದು ಕೇಳುವ ಪದ್ಧತಿ ಇಲ್ಲ. ಧಾರವಾಡದಲ್ಲಿ ನಾನು ಓದಿದ್ದು ಶತಮಾನಗಳ ಹಿಂದಿನ ಪದ್ಯಗಳನ್ನು. ಶಹಾಬಾದಿಗೆ ಬಂದ ಮೇಲೆ ಓಣಿಯವರು ಓದಿ ಹೇಳೆಂದು ನನ್ನ ಮುಂದೆ ಹಿಡಿದದ್ದು ಕೆಮ್ಮಿನ ಔಷಧದ ಬಾಟಲಿ, ಯಾರದೋ ಸಾವಿನ ತಂತಿ, ಇಲಿ ಪಾಷಾಣದ ಡಬ್ಬಿ. ನಿಜ ಹೇಳಬೇಕೆಂದರೆ ಡಬ್ಬಿಯ ಮೇಲಿನ ಗದ್ಯ ಆ ಪದ್ಯಗಳಿಗಿಂತ ಸ್ಪಷ್ಟವಾಗಿತ್ತು. ಯಾರು ಸಾಯುತ್ತಾರೆ, ಹೇಗೆ ಸಾಯುತ್ತಾರೆ ಎಂಬುದರಲ್ಲಿ ಅಲ್ಲಿ ಗೊಂದಲವಿರಲಿಲ್ಲ. ನಾನು ಸ್ವಭಾವತಃ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು, ಅದೂ ಗೊತ್ತಿದ್ದರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೇ ವಿದ್ಯೆಯ ಮೊದಲ ಗುಣ ಎಂದು ನಂಬಿದ್ದವಳು. ಆ ಗುಣವನ್ನು ನನ್ನಿಂದ ಕಳಚಿದ್ದು ಹಾಂಗ್‌ಕಾಂಗ್ ಕಡೆಯ ಕೆಲವು ಅಗ್ಗದ ಹೊಡೆದಾಟದ ಸಿನೆಮಾಗಳು ಎಂದರೆ ನನ್ನ ಗುರುಗಳು ನಂಬಲಾರರು.

ನಮ್ಮೂರು ಚಿತ್ತಾಪುರ. ಶಹಾಬಾದಿನ ಜೂನಿಯರ್ ಕಾಲೇಜಿನಲ್ಲಿ ನೌಕರಿ ಸಿಕ್ಕಾಗ ಕಾಶಮ್ಮಾಯಿ ಎಂಬ ವಿಧವೆಯ ಮನೆಯಲ್ಲಿ ಒಂದು ಖೋಲಿ ಹಿಡಿದೆ. ಆಕೆಯ ಗಂಡ ಕಲ್ಲಿನ ಖಣಿಯಲ್ಲಿ ಪರ್ಸಿ, ಅಂದರೆ ಹಾಸುಗಲ್ಲಿನ ಚಪ್ಪಡಿ, ಸೀಳುವ ಕೆಲಸದವನಾಗಿದ್ದವನು; ಎದೆಯಲ್ಲಿ ಧೂಳು ಕೂತು ತೀರಿಕೊಂಡಿದ್ದ. ನೆಲಕ್ಕೆ ಪರ್ಸಿ, ಮಾಳಿಗೆಗೆ ಪರ್ಸಿ, ಗೋಡೆಗೂ ಪರ್ಸಿ, ಅನ್ನ ಕುದಿಸುವ ಕಟ್ಟೆಯೂ ಪರ್ಸಿ. ಬೇಸಿಗೆಯಲ್ಲಿ ಆ ಖೋಲಿಯೊಳಗೆ ಕುಳಿತರೆ ಹಂಚಿನ ಮೇಲೆ ಹಾಕಿ ಮರೆತ ರೊಟ್ಟಿಯ ಮನಸ್ಸು ಅರ್ಥವಾಗುತ್ತಿತ್ತು. ರವಿವಾರಗಳಂತೂ ಮುಗಿಯುತ್ತಲೇ ಇರಲಿಲ್ಲ. ಖಣಿಗಳ ಧೂಳಿಗೆ ಬೂದು ಬಣ್ಣದ ಆಕಾಶ, ಬೂದು ಬಣ್ಣದ ಬೇವಿನ ಮರ, ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಅದೂ ಬೂದು. ಊರಿನ ಮೇಲೆ ಯಾವಾಗಲೂ ಯಾರೋ ಹಿಟ್ಟು ಜರಡಿ ಹಿಡಿಯುತ್ತಿದ್ದ ಹಾಗಿರುತ್ತಿತ್ತು.

ಕಾಶಮ್ಮಾಯಿಯ ಒಬ್ಬಳೇ ಮಗಳು ನೀಲಮ್ಮ. ದಂಡೋತಿಯ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ನಾನು ಬಂದ ವರ್ಷ ಯುಗಾದಿಗೆ ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಅವಳ ಎಡಗೈ ಮೊಣಕೈಯ ಹತ್ತಿರ ಪೂರ್ತಿ ಮಡಚಲು ಬರುತ್ತಿರಲಿಲ್ಲ. ಗಂಡನ ಮನೆಯ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳು ಎಂದು ಕಾಶಮ್ಮಾಯಿ ಓಣಿಗೆಲ್ಲ ಹೇಳಿದ್ದಳು. ಒಂದು ಮಧ್ಯಾಹ್ನ ನನ್ನ ಖೋಲಿಯ ಹೊಸ್ತಿಲ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದ ನೀಲಮ್ಮ, ನಾನು ಕೇಳದೆಯೇ, ಆ ಮನೆಯಲ್ಲಿ ಬಾವಿಯೇ ಇಲ್ಲ ಎಂದಳು. ಹೇಳಿ ಮತ್ತೆ ಹರಳು ಆರಿಸತೊಡಗಿದಳು. ಇಂಥ ಮಾತಿಗೆ ಏನು ಹೇಳಬೇಕೆಂದು ಎಂ.ಎ.ಯಲ್ಲಿ ಕಲಿಸಿರುವುದಿಲ್ಲ. ನಾನು ಚಹಾ ಮಾಡಿದೆ.

ಸಿನೆಮಾಗಳ ಕಥೆ ಶುರುವಾದದ್ದು ವಾಡಿ ಜಂಕ್ಷನ್ನಿನ ತಪ್ಪಿನಿಂದ. ಸಿಕಂದರಾಬಾದಿನಿಂದ ಬರುವ ರೀಲಿನ ಪೆಟ್ಟಿಗೆಗಳು ವಾಡಿಯಲ್ಲಿ ಗಾಡಿ ಬದಲಿಸಿ ನಮ್ಮೂರಿಗೆ ಬರಬೇಕು. ಒಂದು ಶನಿವಾರದ ಮಧ್ಯಾಹ್ನ, ದೇವಿಯ ಮಹಿಮೆಯ ಚಿತ್ರವೆಂದು ನಂಬಿ ಓಣಿಯ ಹೆಂಗಸರೆಲ್ಲ ಕುಂಕುಮ ಹಚ್ಚಿಕೊಂಡು ಟಾಕೀಸಿಗೆ ಹೊರಟಾಗ ಕಾಶಮ್ಮಾಯಿ ನನ್ನನ್ನೂ ಎಳೆದೊಯ್ದಳು. ದೇವಿಯ ಪೆಟ್ಟಿಗೆ ರಾಯಚೂರಿನ ಗಾಡಿ ಹತ್ತಿ ಹೋಗಿತ್ತು. ರಾಯಚೂರಿನವರ ಪೆಟ್ಟಿಗೆ ನಮಗೆ ಬಂದಿತ್ತು. ದೀಪ ಆರಿದ ಮೇಲೆ ಪರದೆಯ ಮೇಲೆ ಬಂದದ್ದು ಇಜಾರ ತೊಟ್ಟ, ಜಡೆಯನ್ನು ಕೊರಳಿಗೆ ಸುತ್ತಿಕೊಂಡ ಒಬ್ಬ ಹುಡುಗಿ. ಆಕೆ ಬಂದವಳೇ ಒಂದು ಚಹಾದ ಅಂಗಡಿಯಲ್ಲಿದ್ದ ಗಂಡಸರನ್ನೆಲ್ಲ ಒದ್ದಳು. ಯಾಕೆ ಎಂಬುದು ಆಮೇಲೆ ಗೊತ್ತಾಯಿತು. ಅವರಲ್ಲಿ ಯಾರೋ ಆಕೆಯ ಅಪ್ಪನನ್ನು ಕೊಂದಿದ್ದರಂತೆ. ದೇವಿಯನ್ನು ನೋಡಲು ಬಂದವರಿಗೆ ನಿರಾಶೆಯಾಗಬೇಕಿತ್ತು. ಆಗಲಿಲ್ಲ. ಕಾಶಮ್ಮಾಯಿ ಕೈ ಮುಗಿದುಕೊಂಡೇ ನೋಡಿದಳು. ಮರುವಾರ ಹೆಂಗಸರ ಕಡೆಯ ಜಾಗ ತುಂಬಿದ್ದನ್ನು ಕಂಡ ಮಾಲಕರು, ಇಂಥವೇ ಅತಿ ಅಗ್ಗಕ್ಕೆ ಸಿಗುತ್ತವೆಂದು ತಿಳಿದು, ಶನಿವಾರದ ಮ್ಯಾಟಿನಿಗೆ ಒದೆಯುವ ಹುಡುಗಿಯರನ್ನೇ ತರಿಸತೊಡಗಿದರು.

ಎಷ್ಟು ಅಗ್ಗವೆಂದರೆ, ಅವನ್ನು ತೆಗೆದವರ ಬಳಿ ಎರಡನೆಯ ಏಣಿ ಇರಲಿಲ್ಲ. ಎಲ್ಲ ಚಿತ್ರಗಳಲ್ಲೂ ಅದೇ ಏಣಿಯಿಂದ ಅದೇ ಬೋಳುತಲೆಯವನು ಬೀಳುತ್ತಿದ್ದ. ಮೊದಲ ರೀಲಿನಲ್ಲಿ ಸತ್ತವನು ಮೂರನೆಯದರಲ್ಲಿ ಮೀಸೆ ಅಂಟಿಸಿಕೊಂಡು ಮತ್ತೆ ಒದೆ ತಿನ್ನಲು ಬರುತ್ತಿದ್ದ. ಹುಡುಗಿಯ ಬಲಗೆನ್ನೆಯ ಗಾಯ ಹೊಳೆ ದಾಟುವಷ್ಟರಲ್ಲಿ ಎಡಗೆನ್ನೆಗೆ ಬಂದಿರುತ್ತಿತ್ತು. ತುಟಿ ಒಂದು ಆಡಿದರೆ ಧ್ವನಿ ಇನ್ನೊಂದು ಆಡುತ್ತಿತ್ತು, ಅದೂ ಇಂಗ್ಲಿಷಿನಲ್ಲಿ, ಎಲ್ಲ ಹೆಂಗಸರಿಗೂ ಒಬ್ಬಳದೇ ಗಂಟಲು. ನಾನು ಇವನ್ನೆಲ್ಲ ಗಮನಿಸಿ ಮನಸ್ಸಿನಲ್ಲೇ ನಗುತ್ತಿದ್ದೆ. ನಮ್ಮ ಓಣಿಯವರ ಆಕ್ಷೇಪಗಳು ಬೇರೆಯೇ ಆಗಿದ್ದವು. ಇಷ್ಟೊತ್ತು ಹೊರಗೆ ತಿರುಗುತ್ತಿದ್ದಾಳಲ್ಲ, ಮನೆಯಲ್ಲಿ ನೀರು ತುಂಬಿದವರು ಯಾರು ಎಂದು ಒಬ್ಬಳು. ಸೀರೆ ಉಟ್ಟು ಒಂದು ಸಲ ಹಾಗೆ ಹಾರಲಿ, ಆಗ ಒಪ್ಪುತ್ತೇನೆ ಎಂದು ಇನ್ನೊಬ್ಬಳು. ಪ್ರತಿ ಮಾತಿಗೂ ಎಲ್ಲರ ತಲೆಗಳು ನನ್ನತ್ತ ತಿರುಗುತ್ತಿದ್ದವು. ಅಕ್ಕೋರಿಗೆ ಇಂಗ್ಲಿಷ್ ಬರುತ್ತದೆ, ಅಕ್ಕೋರು ಹೇಳಬೇಕು. ಕಾಲೇಜಿನಲ್ಲಿ ನಾನು ಹೇಳಿದ್ದನ್ನು ಕೇಳುವವರಿರಲಿಲ್ಲ. ಇಲ್ಲಿ ನಾನು ಹೇಳದಿದ್ದರೆ ಬಿಡುವವರಿರಲಿಲ್ಲ.

ಆದರೆ ನಿಜವಾದ ತೊಂದರೆ ಇಂಗ್ಲಿಷಿನದಲ್ಲ, ಜನಾನಾ ಪರದೆಯದು. ನಮ್ಮ ಟಾಕೀಸಿನಲ್ಲಿ ನಿಜಾಮರ ಕಾಲದ ಒಂದು ಪದ್ಧತಿ ಇನ್ನೂ ಉಳಿದಿತ್ತು. ಹಿಂದಿನ ಹೆಂಗಸರ ಜಾಗಕ್ಕೂ ಮುಂದಿನ ಗಂಡಸರ ಜಾಗಕ್ಕೂ ನಡುವೆ ದಪ್ಪ ಬಟ್ಟೆಯ ಪರದೆ; ಎಳೆದರೆ ಹೆಂಗಸರಿಗೆ ಸಿನೆಮಾವೂ ಕಾಣದು. ದೀಪ ಆರಿದ ಮೇಲೆ ಅದನ್ನು ಸರಿಸಬೇಕು, ದೀಪ ಹತ್ತುವ ಮೊದಲು ಎಳೆಯಬೇಕು. ಈ ಕೆಲಸ ಹುಸೇನಬೀ ಎಂಬ ವಯಸ್ಸಾದ ಹೆಂಗಸಿನದು. ಚಿತ್ರ ಮುಗಿದ ಕ್ಷಣವೇ ಮೇಲೆ ಮಷಿನ್ ಓಡಿಸುವವನು ದೀಪ ಹಾಕಿಬಿಡುತ್ತಿದ್ದ. ಒಂದು ಸಲ ಪರದೆ ತಡವಾಗಿ, ಯಾರದೋ ಸೊಸೆಯನ್ನು ಯಾರೋ ನೋಡಿ ದೊಡ್ಡ ಜಗಳವಾಗಿತ್ತಂತೆ. ಅಂದಿನಿಂದ ಹುಸೇನಬೀ ಜಾಣಳಾಗಿ, ಚಿತ್ರ ಮುಗಿಯುವ ಲಕ್ಷಣ ಕಂಡಕೂಡಲೇ ಪರದೆ ಎಳೆದುಬಿಡುತ್ತಿದ್ದಳು. ಹಾಗಾಗಿ ಶಹಾಬಾದಿನ ಹೆಂಗಸರು ಎಷ್ಟೋ ವರ್ಷಗಳಿಂದ ಯಾವ ಸಿನೆಮಾದ ಕೊನೆಯನ್ನೂ ನೋಡಿರಲಿಲ್ಲ. ಅದರಿಂದ ಅವರಿಗೆ ನಷ್ಟವೇನೂ ಆಗಿರಲಿಲ್ಲ. ನಮ್ಮ ಸಿನೆಮಾದ ಕೊನೆ ಯಾರಿಗೆ ಗೊತ್ತಿಲ್ಲ? ಮದುವೆಯಾಗುತ್ತದೆ, ಇಲ್ಲವೇ ದೇವರು ಪ್ರತ್ಯಕ್ಷನಾಗುತ್ತಾನೆ. ಒದೆಯುವ ಹುಡುಗಿಯರು ಬಂದ ಮೇಲೆ ಮಾತ್ರ ಅಂದಾಜು ತಪ್ಪಿತು. ಕೊನೆಯ ದುಷ್ಟ ಅಂಗಳದಲ್ಲಿ ಅಂಗಾತ ಬಿದ್ದ, ಹುಡುಗಿ ಉಸಿರು ಬಿಡುತ್ತ ನಿಂತಳು, ಅಷ್ಟರಲ್ಲಿ ಸರ್ರನೆ ಪರದೆ. ಆಕೆಗೆ ಅಪ್ಪನಿಲ್ಲ, ಗಂಡನಿಲ್ಲ, ಊರವರೆಲ್ಲ ಒದೆ ತಿಂದವರು. ಆಮೇಲೆ ಎಲ್ಲಿಗೆ ಹೋದಳು?

ಗೊತ್ತಿಲ್ಲ ಎಂದೆ. ಗೊತ್ತಿಲ್ಲವೆಂದರೆ ಹೇಗೆ, ಪರದೆಯಾಚೆ ಮಾತು ಕೇಳಿಸುತ್ತಿತ್ತಲ್ಲ ಎಂದರು. ಕೇಳಿಸಿದ್ದು ಬರೀ ತುತ್ತೂರಿ. ಬಾಗಿಲವರೆಗೂ ಬಿಡಲಿಲ್ಲ, ಬೀದಿಯಲ್ಲೂ ಬಿಡಲಿಲ್ಲ. ಕೊನೆಗೆ ಮನೆ ಸೇರಿದರೆ ಸಾಕೆಂದು, ಆಕೆ ಊರಲ್ಲೊಂದು ಶಾಲೆ ತೆರೆದಳು ಎಂದುಬಿಟ್ಟೆ. ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು. ಮರುವಾರದ ಹುಡುಗಿಗೆ ಪಕ್ಕದೂರಿನಲ್ಲಿ ನೌಕರಿ ಕೊಡಿಸಿದೆ. ಅದರ ಮುಂದಿನವಳನ್ನು ಹೆಣ್ಣುಮಕ್ಕಳ ವಸತಿಗೃಹದ ಮೇಲ್ವಿಚಾರಕಿಯನ್ನಾಗಿ ಮಾಡಿದೆ. ಕಾಶಮ್ಮಾಯಿ ನಡುಬೀದಿಯಲ್ಲಿ ನಿಂತಳು.

"ಅಲ್ರಿ ಅಕ್ಕೋರ, ಇಷ್ಟೆಲ್ಲಾ ಬಡದಾಡಿ ಕಡೀಕ ಎಲ್ಲಾರೂ ಮಾಸ್ತರಕೀನೇ ಮಾಡ್ತಾರೇನ್ರಿ ಆ ದೇಶದಾಗ?"

ನನಗೆ ಗೊತ್ತಿದ್ದ ಬದುಕು ಅದೊಂದೇ ಆಗಿತ್ತು. ಅಷ್ಟು ಪದ್ಯ ಓದಿದ ತಲೆಯಿಂದ ಬಂದ ಕಲ್ಪನೆ ಹಾಜರಿ ಪುಸ್ತಕದ ಆಚೆ ಹೋಗಲಿಲ್ಲ.

ಎಲ್ಲರೂ ನಕ್ಕರೂ ನೀಲಮ್ಮ ನಗುತ್ತಿರಲಿಲ್ಲ. ಆಕೆಗೆ ಒದೆಗಳಲ್ಲಿ ಅಂಥ ಆಸಕ್ತಿ ಇದ್ದಂತೆ ಕಾಣಲಿಲ್ಲ. ಹೊಡೆದಾಟ ನಡೆಯುವಾಗ ತಲೆ ತಗ್ಗಿಸಿ ಸೆರಗಿನ ದಾರ ಹಿರಿಯುತ್ತಿದ್ದಳು. ಪರದೆ ಬಿದ್ದು, ಮನೆಗೆ ಬಂದು ನನ್ನ ಖೋಲಿಯಲ್ಲಿ ಕುಳಿತ ಮೇಲೆ ಅವಳ ಪ್ರಶ್ನೆಗಳು ಶುರುವಾಗುತ್ತಿದ್ದವು. ಶಾಲೆ ತೆರೆದವಳು ಇರುವುದೆಲ್ಲಿ? ಬಾಡಿಗೆ ಖೋಲಿಯಲ್ಲಿ ಎಂದೆ. ಅಡಿಗೆ? ತಾನೇ ಮಾಡಿಕೊಳ್ಳುತ್ತಾಳೆ. ಅವಳ ಕಣ್ಣು ನನ್ನ ಗೂಟದ ಮೇಲಿನ ಎರಡು ಸೀರೆ, ಪಂಪಿನ ಸ್ಟೋವು, ಬೋರಲು ಹಾಕಿದ ಒಂದೇ ಕಪ್ಪು, ಇವುಗಳ ಮೇಲೆ ನಿಧಾನವಾಗಿ ಹರಿದಾಡಿತು.

"ಒಬ್ಬಾಕೇ ಉಂಡ್ರ ರೊಟ್ಟಿ ರುಚಿ ಹತ್ತತದೇನ್ರಿ ಅಕ್ಕೋರ?"

ರೂಢಿಯಾಗುತ್ತದೆ ಎಂದೆ. ಹೊಡೆತವೂ ರೂಢಿಯಾಗುತ್ತದೆ ಎಂದು ಅವ್ವ ಹೇಳುತ್ತಾಳೆ ಎಂದಳು ನೀಲಮ್ಮ, ಯಾವ ಕೋಪವೂ ಇಲ್ಲದೆ, ಎರಡು ಅಂಗಡಿಗಳ ದರ ಹೋಲಿಸುವವಳ ಹಾಗೆ.

ಮುಂಗಾರು ಬಿತ್ತನೆಯ ಮೊದಲು ದಂಡೋತಿಯಿಂದ ಮಾತು ಬಂತು. ಅಮಾವಾಸ್ಯೆ ಕಳೆದ ಮೇಲೆ ಹಿರಿಯರು ಬಂದು ಸೊಸೆಯನ್ನು ಕರೆದೊಯ್ಯುವರು. ಕಳಿಸದಿದ್ದರೆ ಬೇರೆ ಹೆಣ್ಣು ನೋಡುವರು. ಕಾಶಮ್ಮಾಯಿ ಮಗಳಿಗೆ ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಎರಡನ್ನೂ ಬಾಯಿಬಿಟ್ಟು ಹೇಳಲಾರದೆ ದಿನವಿಡೀ ಅಂಗಳ ಗುಡಿಸಿದಳು. ಧೂಳಿನ ಊರಿನಲ್ಲಿ ಅದಕ್ಕೆ ಕೊನೆಯೆಂಬುದಿಲ್ಲ. ಆ ಶನಿವಾರ ನೀಲಮ್ಮ ಟಾಕೀಸಿನಲ್ಲಿ ಹುಸೇನಬೀಯ ಪಕ್ಕದಲ್ಲೇ ಹೋಗಿ ಕುಳಿತಳು. ಹುಡುಗಿ ಕೊನೆಯ ದುಷ್ಟನನ್ನು ಬೆನ್ನಟ್ಟಿ ಏಣಿ ಹತ್ತಿದಾಗ ಹುಸೇನಬೀ ಪರದೆಯ ಹಗ್ಗಕ್ಕೆ ಕೈ ಹಾಕಿದಳು. ನೀಲಮ್ಮ ಆ ಕೈ ಹಿಡಿದುಕೊಂಡಳು.

"ಇವತ್ತೊಂದಿನ ಬಿಡ್ರಿ ಚಾಚಿ. ಅಕಿ ಎಲ್ಲಿಗಿ ಹೋಗ್ತಾಳ ನಾ ನೋಡ್ಬೇಕಾಗೇದ."

"ಬತ್ತಿ ಹತ್ತಿದ್ರ ಮಂದಿ ನಿನ್ನ ನೋಡ್ತಾರ ಬೇಟಿ," ಎಂದಳು ಹುಸೇನಬೀ.

"ನೋಡ್ಲಿ."

ಹುಸೇನಬೀ ಅವಳ ಮುಖವನ್ನೊಮ್ಮೆ, ಮಡಚಲಾರದ ಕೈಯನ್ನೊಮ್ಮೆ ನೋಡಿ ಹಗ್ಗ ಬಿಟ್ಟಳು. ಓಣಿಯ ಹೆಂಗಸರೆಲ್ಲ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಒಂದು ಕಣ್ಣು ಮಾತ್ರ ಹೊರಗಿಟ್ಟರು. ಬೋಳುತಲೆಯವನು ಏಣಿಯಿಂದ ಬಿದ್ದ. ಹುಡುಗಿ ಕೆಳಗಿಳಿದು ಬಂದು ನಿಂತಳು. ತುತ್ತೂರಿ ಊದಿತು. ಆಕೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಅಷ್ಟಕ್ಕೇ ಚಿತ್ರ ನಿಂತುಹೋಯಿತು. ನಡೆಯಲು ಎತ್ತಿದ ಒಂದು ಕಾಲು ಗಾಳಿಯಲ್ಲೇ ಉಳಿದು, ಅದರ ಮೇಲೆ ಅಕ್ಷರಗಳು ಬಂದವು. ದೀಪ ಹತ್ತಿತು. ಶಾಲೆಯೂ ಇಲ್ಲ, ವಸತಿಗೃಹವೂ ಇಲ್ಲ. ಅದನ್ನು ತೆಗೆದವರಿಗೂ ಮುಂದಿನದು ಗೊತ್ತಿರಲಿಲ್ಲ. ಹೆಂಗಸರು ನನ್ನತ್ತ ತಿರುಗಿ ನೋಡಿದ ರೀತಿಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ನೀಲಮ್ಮ ಮಾತ್ರ ಬೀದಿಯುದ್ದಕ್ಕೂ ಏನೂ ಕೇಳಲಿಲ್ಲ. ಮನೆಯ ಬಾಗಿಲಲ್ಲಿ, ತನಗೆ ತಾನೇ ಹೇಳಿಕೊಂಡಂತೆ, "ಹಂಗಾದ್ರ ನಮ್ಮ ನಮ್ಮದು ನಾವೇ ನೋಡ್ಕೋಬೇಕು," ಎಂದಳು.

ಹಿರಿಯರು ಬಂದರು, ಹೋಳಿಗೆ ಉಂಡರು, ಹುಡುಗನಿಗೆ ಬುದ್ಧಿ ಹೇಳಿದ್ದೇವೆ ಎಂದರು. ನೀಲಮ್ಮ ಹೊರಟು ನಿಂತಳು. ಹೇಳಿಹೋಗಲು ನನ್ನ ಖೋಲಿಗೆ ಬಂದವಳು, ಅಕ್ಕೋರ ಹೆಸರನ್ನು ಬೇಕಾದಾಗ ಸ್ವಲ್ಪ ಬಳಸಿಕೊಳ್ಳಲೇ ಎಂದು ಕೇಳಿದಳು. ಯಾವುದೋ ಕೆಲಸದ ಅರ್ಜಿಗೆ ಇರಬಹುದೆಂದುಕೊಂಡು, ಧಾರಾಳವಾಗಿ, ಎಂದೆ. ಗಾಡಿ ಓಣಿಯ ತಿರುವು ದಾಟುವವರೆಗೆ ಕಾಶಮ್ಮಾಯಿ ಕೈಯಲ್ಲಿ ಕಸಬರಿಗೆ ಹಿಡಿದೇ ನಿಂತಿದ್ದಳು. ಅಂದು ಮಾತ್ರ ಗುಡಿಸಲಿಲ್ಲ. ಆ ಶನಿವಾರದಿಂದ ನಾವಿಬ್ಬರೂ ಸಿನೆಮಾಕ್ಕೆ ಹೋಗುವುದನ್ನು ಬಿಟ್ಟೆವು.

ಒಂದೆರಡು ತಿಂಗಳಾದ ಮೇಲೆ ಕಾಶಮ್ಮಾಯಿ ಮಗಳನ್ನು ನೋಡಲು ದಂಡೋತಿಗೆ ಹೋಗಿ ಬಂದಳು. ಬಂದವಳೇ ನನ್ನ ಮುಂದೆ ಕುಳಿತು, ನಗಬೇಕೋ ಅಳಬೇಕೋ ತಿಳಿಯದ ಮುಖದಲ್ಲಿ ವರದಿ ಒಪ್ಪಿಸಿದಳು. ಹೋದ ಕೆಲವೇ ದಿನಗಳಲ್ಲಿ ಅಳಿಯ ಶಿವರಾಯ ಮತ್ತೆ ಕೈ ಎತ್ತಿದನಂತೆ. ನೀಲಮ್ಮ ಓಡಲಿಲ್ಲವಂತೆ. ಕಾಲು ಅಗಲಿಸಿ, ಒಂದು ಕೈ ಮುಂದೆ ಚಾಚಿ, ಆ ಸಿನೆಮಾದ ಹುಡುಗಿಯ ಹಾಗೆ ಒಂದು ಕೂಗು ಹಾಕಿದಳಂತೆ. ಅವನು ನಕ್ಕ. ಆಗ ಇವಳು ಅಂಗಳದಲ್ಲಿ ಎರಡು ಕಲ್ಲುಗಳ ಮೇಲೆ ಆಧಾರ ಕೊಟ್ಟು ಇಟ್ಟಿದ್ದ ಬಟ್ಟೆ ಒಗೆಯುವ ಪರ್ಸಿಯ ಹತ್ತಿರ ಹೋಗಿ, ಬಲಗೈಯ ಅಂಚಿನಿಂದ ಒಂದೇ ಏಟು ಹಾಕಿದಳು. ಪರ್ಸಿ ಎರಡು ತುಂಡಾಯಿತು. ಖಣಿಯವನ ಮಗಳು ಅವಳು; ಯಾವ ಪರ್ಸಿಯಲ್ಲಿ ಎಲ್ಲಿ ಎಳೆ ಹಾದಿದೆ, ಎಲ್ಲಿ ತಟ್ಟಿದರೆ ಅದು ಹಪ್ಪಳದಂತೆ ಮುರಿಯುತ್ತದೆ ಎಂಬುದನ್ನು ಅಪ್ಪನ ಪಕ್ಕದಲ್ಲಿ ಕುಳಿತು ಕಂಡವಳು. ಜೋಳ ಬೆಳೆಯುವ ಮನೆಯವರಿಗೆ ಅದು ಹೇಗೆ ಗೊತ್ತಾಗಬೇಕು? ಇದನ್ನೆಲ್ಲ ಯಾರು ಕಲಿಸಿದರು ಎಂದು ಅತ್ತೆ ಕೇಳಿದಾಗ ನನ್ನ ಹೆಸರು ಬಳಕೆಗೆ ಬಂದಿತ್ತು.

"ನಮ್ಮ ಮನ್ಯಾಗ ಬಾಡಿಗಿ ಇರೋ ಅಕ್ಕೋರು ಕಲ್ಸ್ಯಾರ ಅಂತ ಹೇಳ್ಯಾಳ್ರಿ. ಧಾರವಾಡದಾಗ ಅದರದೇ ದೊಡ್ಡ ಪರೀಕ್ಷಾ ಪಾಸ್ ಮಾಡ್ಯಾರ ಅಂತನೂ ಹೇಳ್ಯಾಳ," ಎಂದಳು ಕಾಶಮ್ಮಾಯಿ.

ಈಗ ಹೊಡೆಯುತ್ತಾನೆಯೇ ಎಂದು ಕೇಳಿದೆ. ಇಲ್ಲವಂತೆ. ಹೊಡೆಯುವುದನ್ನು ಬಿಟ್ಟಿದ್ದಾನೆ, ಅದರ ಜೊತೆಗೆ ಮಾತಾಡುವುದನ್ನೂ ಬಿಟ್ಟಿದ್ದಾನೆ. ಗಂಗಾಳ ಮುಂದಿಟ್ಟರೆ ಉಣ್ಣುತ್ತಾನೆ, ಎದ್ದು ಹೊಲಕ್ಕೆ ಹೋಗುತ್ತಾನೆ. ನೀಲಮ್ಮ ಆಮೇಲೆ ಒಬ್ಬಳೇ ಉಣ್ಣುತ್ತಾಳೆ.

ದಂಡೋತಿಯಿಂದ ಚಿತ್ತಾಪುರ ದೂರವಿಲ್ಲ. ಇಂಥ ಸುದ್ದಿಗೆ ಇನ್ನೂ ಹತ್ತಿರ. ಆ ವೇಳೆಗೆ ನಮ್ಮ ಮನೆಯವರು ಸೇಡಂನ ಒಂದು ಸಂಬಂಧವನ್ನು ಬಹಳ ಜತನದಿಂದ ಹಣ್ಣು ಮಾಡುತ್ತಿದ್ದರು. ಹುಡುಗ ಸಹಕಾರಿ ಇಲಾಖೆಯಲ್ಲಿ ನೌಕರ, ಮೆತ್ತಗಿನ ಮನುಷ್ಯ. ಒಂದು ಸಲ ಬಂದು ನೋಡಿ ಹೋಗಿದ್ದ. ನಾವಿಬ್ಬರೂ ಪರಸ್ಪರ ಹವಾಮಾನದ ಬಗ್ಗೆ ಎರಡು ಮಾತಾಡಿದ್ದೆವು, ನನಗೆ ಅಷ್ಟು ಮಾತು ಸಾಕಾಗಿತ್ತು. ಪಂಚಮಿಯ ಹೊತ್ತಿಗೆ ಅವರ ಕಡೆಯವರೊಬ್ಬರು ಬಂದು, ಹುಡುಗಿ ಬಹಳ ಒಳ್ಳೆಯವಳು, ಆದರೆ ನಮ್ಮ ಹುಡುಗನ ಪ್ರಕೃತಿ ಸ್ವಲ್ಪ ನಾಜೂಕು ಎಂದು ಹೇಳಿ, ಅವಲಕ್ಕಿ ತಿಂದು ಎದ್ದರಂತೆ. ಅವ್ವ ಶಹಾಬಾದಿಗೆ ಬಂದು ನನ್ನ ಮುಂದೆ ಕಣ್ಣೊರೆಸಿಕೊಂಡಳು. ಇದು ಸುಳ್ಳೆಂದು ನೀನೇ ಒಂದು ಮಾತು ಹೇಳಿ ಕಳಿಸು, ಎಲ್ಲ ಸರಿಹೋಗುತ್ತದೆ ಎಂದಳು.

ಹೇಳಿ ಕಳಿಸುವುದು ಸುಲಭವಿತ್ತು. ನನ್ನ ಕಡ್ಡಿಯಂಥ ತೋಳುಗಳನ್ನು ಒಮ್ಮೆ ತೋರಿಸಿದ್ದರೂ ಸಾಕಿತ್ತು. ಆದರೆ ಸೇಡಂಗೆ ಹೋದ ಮಾತು ವಾರದೊಳಗೆ ದಂಡೋತಿಗೆ ಹೋಗುತ್ತದೆ. ಅಲ್ಲಿ ಒಬ್ಬ ಗಂಡಸು ಎತ್ತಬೇಕೆಂದಿರುವ ಕೈಯನ್ನು ನನ್ನ ನೆಪದಿಂದ ಜೇಬಿನಲ್ಲಿಟ್ಟುಕೊಂಡಿದ್ದಾನೆ. ನಾನು ಬಾಯಿ ತೆರೆದರೆ ಅದು ಹೊರಗೆ ಬರುತ್ತದೆ. ನೀಲಮ್ಮನಿಗೆ ಒಡೆಯಲು ಎಳೆಯಿರುವ ಪರ್ಸಿ ದಿನಾಲೂ ಸಿಗುವುದಿಲ್ಲ. ನಾನು ಅವ್ವನಿಗೆ, ನೋಡೋಣ, ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿ, ನೀ ಖರೇನೇ ಅದನ್ನೆಲ್ಲಾ ಕಲಿತೀ ಏನು ಎಂದು ಸಣ್ಣ ದನಿಯಲ್ಲಿ ಕೇಳಿದಳು.

ದಸರೆಗೆ ಶಿವರಾಯ ಹೆಂಡತಿಯನ್ನು ಕರೆದುಕೊಂಡು ಅತ್ತೆಯ ಮನೆಗೆ ಬಂದ. ಎತ್ತರದ ಆಳು. ಅಂಗಳದಲ್ಲಿ ನನ್ನನ್ನು ಕಂಡವನೇ ಚಪ್ಪಲಿ ಕಳಚಿ, ಸಾಕಷ್ಟು ದೂರದಲ್ಲೇ ನಿಂತು ಕೈ ಮುಗಿದ. ಬಿಸಿಲಿಗೆಂದು ನಾನು ಹಣೆಯ ಮೇಲೆ ಕೈ ಅಡ್ಡ ಹಿಡಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ನೀಲಮ್ಮ ನೀರಿನ ಕೊಡವನ್ನೇ ನೋಡುತ್ತ ನಿಂತಿದ್ದಳು. ಶಿವರಾಯನೇ ಮಾತು ತೆಗೆದ.

"ಅಕ್ಕೋರ, ಒಂದ್ ಮಾತು ಕೇಳ್ತೀನ್ರಿ. ಇಕಿಗಿ ಎಲ್ಲಾ ಕಲ್ಸಿ ಮುಗಿಸೀರೇನ್ರಿ?"

ನನಗೆ ಗೊತ್ತಿಲ್ಲದ ವಿಷಯ. ಗೊತ್ತಿಲ್ಲ ಎನ್ನುವುದು ನನ್ನ ವಿದ್ಯೆಯ ಮೊದಲ ಗುಣ.

"ಅರ್ಧಾ ಆಗೇದ," ಎಂದೆ. "ಉಳದದ್ದು ಕಲ್ಸೋ ಪ್ರಸಂಗ ಬರಬಾರ್ದು ಅಂತ ನಾನೇ ತಡದೀನಿ."

ಅವನು ತಲೆಯಾಡಿಸಿದ. ನಾನು ಹೇಳಿದ್ದನ್ನು ಒಬ್ಬ ಗಂಡಸು ಇಷ್ಟು ಗಮನವಿಟ್ಟು ಕೇಳಿದ್ದು ನನ್ನ ಅಧ್ಯಾಪನ ವೃತ್ತಿಯಲ್ಲಿ ಅದೇ ಮೊದಲು. ಮಧ್ಯಾಹ್ನ ಅವನು ಪಡಸಾಲೆಯಲ್ಲಿ ಉಣ್ಣಲು ಕುಳಿತಾಗ ನಾನೂ ನನ್ನ ಖೋಲಿಯಲ್ಲಿ ಊಟಕ್ಕೆ ಕುಳಿತೆ. ಅವ್ವ ಕಳಿಸಿದ್ದ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಎಷ್ಟು ತಿರುವಿದರೂ ಬರಲಿಲ್ಲ. ಸೆರಗು ಸುತ್ತಿ ತಿರುವಿದೆ, ಮೊಣಕಾಲ ನಡುವೆ ಇಟ್ಟು ತಿರುವಿದೆ, ಕಡೆಗೆ ಕಿಟಕಿಯಿಂದ ನೀಲಮ್ಮನನ್ನು ಮೆಲ್ಲಗೆ ಕರೆದೆ. ಅವಳು ಬಂದಳು, ನನ್ನನ್ನು ನೋಡಿದಳು, ಬಾಟಲಿಯನ್ನು ನೋಡಿದಳು. ಪಡಸಾಲೆಯತ್ತ ಒಮ್ಮೆ ಇಣುಕಿ, ಬಾಗಿಲು ಹಾಕಿ ಚಿಲಕ ಸಿಕ್ಕಿಸಿ, ಆಮೇಲೆ ಮುಚ್ಚಳ ತೆಗೆದುಕೊಟ್ಟಳು.